ಒಂದೇ ಗೀಟು

ಕುತಾಯಿಸಿಯ ಆಸ್ಪತ್ರೆಯಲ್ಲಿ ಆ ಚಳಿಗಾಲ
ಬಾಯ್ಲರು ಕೆಟ್ಟಿತ್ತು. ಕಿಟಕಿಯ ಸಂದಿಗೆಲ್ಲ
ಹಳೆಯ ಬ್ಯಾಂಡೇಜು ತುರುಕಿದ್ದರು.
ಮೊದಲ ದಿನ ನಾನುಲಿ ನನಗೆ
ಸೇವೆ, ಕರುಣೆ, ಯಾವುದನ್ನೂ ಹೇಳಲಿಲ್ಲ.
"ಕೈ ಕೊಡು" ಅಂದಳು.
ಮುಟ್ಟಿ ನೋಡಿ, "ಸತ್ತ ಮೀನು.
ಕಂಕುಳಲ್ಲಿಟ್ಟುಕೊ, ನೂರು ಎಣಿಸು,
ಆಮೇಲೆ ಮುಟ್ಟು ಅವರನ್ನು."

ಎಣಿಸುತ್ತ ನಿಂತೆ, ಹಾಸಿಗೆಗಳ ನಡುವೆ,
ರೆಕ್ಕೆ ಮಡಚಿದ ಕೋಳಿಯ ಹಾಗೆ.
ಯಾವ ಪರೀಕ್ಷೆಯಲ್ಲೂ ಇದನ್ನು ಕೇಳಲಿಲ್ಲ.

ಸಿಡುಕಿ. ಹೊಗಳಿಕೆಗೆ ಕಡು ಜಿಪುಣಿ.
ಗೆದ್ದ ದಿನ ಅವಳ ಜೇಬಿನಿಂದ ಒಂದು ಪುಟ್ಟ ಕಿತ್ತಳೆ
ಮಾತಿಲ್ಲದೆ ನನ್ನ ಜೇಬಿಗೆ ದಾಟುತ್ತಿತ್ತು.
ಸೋತ ದಿನ, ಎರಡು.

ಹನ್ನೊಂದನೇ ವಾರ, ರಾತ್ರಿ ಪಾಳಿ.
ಆರನೇ ಹಾಸಿಗೆಯ ಮಾತ್ರೆಯನ್ನು
ಒಂಬತ್ತಕ್ಕೆ ನುಂಗಿಸಿಬಿಟ್ಟೆ.
ಯಾರೂ ನೋಡಿರಲಿಲ್ಲ.
ಗೋಡೆಯ ಗಡಿಯಾರವೂ ನಿಂತಿತ್ತು.
ಆ ಉದ್ದನೆಯ ಕಾರಿಡಾರು ನಡೆದು
ನಾನೇ ಹೋಗಿ ಹೇಳಿದೆ, ನಾಲಿಗೆ ಅಂಗುಳಿಗೆ ಅಂಟಿತ್ತು.

ನನ್ನತ್ತ ನೋಡಲಿಲ್ಲ. ಮೊದಲು ಮುದುಕನ ನಾಡಿ ಹಿಡಿದಳು,
ಆಮೇಲೆ ಡಾಕ್ಟರನ್ನು ಎಬ್ಬಿಸಿದಳು. ಬೆಳಗಿನವರೆಗೆ
ಗಂಟೆಗೆರಡು ಸಲ ರಕ್ತದೊತ್ತಡ ಬರೆಯುತ್ತ ಕೂತೆ.
"ಮಲಗೋಕೆ ಬಿಡೇ, ಹುಡುಗಿ" ಎಂದು ಗೊಣಗಿದ ಅವನು,
ಜೀವಂತ, ಸಿಟ್ಟಿನಲ್ಲಿ.

ಬೆಳಕು ಹರಿದಾಗ ದಫ್ತರ ಬಿಚ್ಚಿ
ಅವಳು ಬರೆದದ್ದು: ತಪ್ಪಿದೆವು.
ತಪ್ಪಿದಳು ಅಲ್ಲ.
ಆ ಕೊನೆಯ 'ವು' ಎಂಬಷ್ಟು ಜಾಗದಲ್ಲಿ
ಅವಳೂ ಬಂದು ಪಕ್ಕದಲ್ಲಿ ನಿಂತಿದ್ದಳು.
ಆಮೇಲೆ ಲಿನನ್ ಕೋಣೆಗೆ ಕರೆದು, ಕದ ಮುಚ್ಚಿ,
ಹದಿನೈದು ನಿಮಿಷ ಬೈದಳು.

ಅವಳ ಕಣ್ಣಿಗೆ ಪೊರೆ ಬರುತ್ತಿತ್ತು.
ವಾರ್ಡಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.
ಫೆಬ್ರುವರಿಯಲ್ಲಿ ಒಬ್ಬಳು ಬಂದಳು, ವಾಂತಿಯಾಗಿ ಬತ್ತಿದವಳು,
ಒಣಕಡ್ಡಿಯಂಥ ಕೈ, ನರವೇ ಇಲ್ಲ.
ನಾನುಲಿ ಚುಚ್ಚಿದಳು. ತಪ್ಪಿತು.
ಇನ್ನೊಮ್ಮೆ. ತಪ್ಪಿತು.
ಸೂಜಿ ತಟ್ಟೆಗಿಟ್ಟ ಸದ್ದು ಎಲ್ಲರಿಗೂ ಕೇಳಿತು.
"ಎರಡು ಸಲ ನೋಯಿಸಿದೆ, ತಾಯಿ. ಮೂರನೆಯದು ನನ್ನದಲ್ಲ.
ಈ ತೆಕ್ಲೆಯ ಬೆರಳಿಗೆ
ನನ್ನ ಕಣ್ಣಿಗಿಂತ ಚೆನ್ನಾಗಿ ಕಾಣುತ್ತೆ."
ಅಷ್ಟು ಜನರ ಎದುರು.

ಕೈ ಕಂಕುಳಿಗೆ ಹೋಯಿತು, ತಾನಾಗಿ.
ನೂರರವರೆಗೆ ಪುರುಸೊತ್ತೆಲ್ಲಿ? ನಲವತ್ತಕ್ಕೆ ನಿಲ್ಲಿಸಿದೆ.
ಸಿಕ್ಕಿತು ನರ.
ತಿರುಗಿ ನೋಡಿದರೆ ಅವಳಿರಲಿಲ್ಲ,
ಏಳನೇ ಹಾಸಿಗೆಯವನ ದಿಂಬು ಸರಿಪಡಿಸುತ್ತಿದ್ದಳು.
ಸಂಜೆ ನನ್ನ ಜೇಬಿನಲ್ಲಿ ಒಂದು ಕಿತ್ತಳೆ.

ಈಗ ಬಾಯ್ಲರು ಹೊಸದು. ನನ್ನ ಕೈಕೆಳಗೂ ಒಬ್ಬ,
ಬಚಾನಾ, ಕಿವಿಯವರೆಗೂ ಕೆಂಪಗಾಗುವ ಹುಡುಗ.
ನಿನ್ನೆ ಅವನು ಡ್ರಿಪ್ಪಿನ ಲೆಕ್ಕ ತಪ್ಪಿದ.
ಪೆನ್ನು ಎತ್ತಿದ್ದೇ ತಡ,
ತಪ್ಪಿದನು ಎಂದು ಬರೆದುಬಿಟ್ಟಿದ್ದೆ.

ಹೊಡೆದು ಹಾಕಿದೆ, ಮೇಲೆ 'ವು' ಸೇರಿಸಿ ಬರೆದೆ.
ದಫ್ತರದಲ್ಲಿ ಅಳಿಸುವಂತಿಲ್ಲ,
ಒಂದೇ ಗೀಟು ಎಳೆಯಬೇಕು, ನಿಯಮ.
ಅಡಿಯಲ್ಲಿರುವುದನ್ನು
ಯಾರು ಬೇಕಾದರೂ ಓದಬಹುದು.