ಹೊತ್ತು ಮುಳುಗುವ ತನಕ

ಅಲಬಾಮಾದ ನಮ್ಮೂರಿನ ಬಾನುಲಿಗೆ
ಸರ್ಕಾರ ಕೊಟ್ಟಿದ್ದು ಹಗಲು ಮಾತ್ರ.
ಹೊತ್ತು ಮುಳುಗಿತೋ, ಬಾಯಿಗೆ ಬೀಗ.
ರಾತ್ರಿಯ ಆಕಾಶವೆಲ್ಲ ದೊಡ್ಡ ಊರುಗಳ ಪಾಲು.

ಗೋಡೆಗೆ ಮೊಳೆ ಹೊಡೆದ ಪಟ್ಟಿಯಲ್ಲಿ
ತಿಂಗಳಿಗೊಂದು ಗಳಿಗೆ:
ಡಿಸೆಂಬರಿಗೆ ನಾಲ್ಕೂ ಮುಕ್ಕಾಲು,
ಜೂನಿಗೆ ಏಳು.
ಓಥಾ ಗ್ಯಾಂಡಿ, ನನ್ನ ಸೋದರಮಾವ,
ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕೂರುತ್ತಿದ್ದ.
ಹಾಡು ಎಲ್ಲಿಗೇ ಬಂದಿರಲಿ,
ಯೊರ್ದನ್ ಹೊಳೆಯ ನಡುನೀರಿನಲ್ಲೇ ಇರಲಿ,
ಟಕ್ಕೆಂದು ಕತ್ತರಿಸುತ್ತಿದ್ದ.

ಶುರುವಾದದ್ದು ಐವತ್ತಮೂರರಲ್ಲಿ,
ಟೈರ್ ಅಂಗಡಿಯ ಅಟ್ಟದ ಮೇಲೆ.
ಮಾಲೀಕ ಹ್ಯಾಸ್ಕೆಲ್ ಸಾಹೇಬನಿಗೆ ಭಕ್ತಿಯೇನಿಲ್ಲ;
ಬೆಳಗಿನ ಐದರಿಂದ ಆರು ಯಾರೂ ಕೊಳ್ಳದ ಸರಕು,
ನಮ್ಮವರಿಗೆ ಮಾರಿದ, ಮುಂಗಡ ಎಣಿಸಿಕೊಂಡು.

ಶನಿವಾರ ಮೀನು ಕರಿದು ಮಾರಿದ ಚಿಲ್ಲರೆ,
ಶವಪೆಟ್ಟಿಗೆ ಅಂಗಡಿಯದೊಂದು ಜಾಹೀರಾತು,
ಕೂದಲೆಣ್ಣೆಯದು ಇನ್ನೊಂದು.
ಲುವೀನಿಯಾ ಸ್ಟ್ರಿಪ್ಲಿನ್ ಎರಡನ್ನೂ
ಒಂದೇ ಅಕ್ಕರೆಯಿಂದ ಓದುತ್ತಿದ್ದಳು;
ಕೇಳಿದವರಿಗೆ ಎರಡೂ ಬೇಕೆನಿಸುತ್ತಿತ್ತು.

ಸಾಮಿಲ್ಲಿನ ನಾಲ್ವರು ಅಣ್ಣತಮ್ಮಂದಿರು
ರಾತ್ರಿಪಾಳಿ ಮುಗಿಸಿ ನೇರ ಅಟ್ಟ ಹತ್ತುವರು,
ಹುಬ್ಬಿನ ತುಂಬ ಮರದ ಹೊಟ್ಟು.
ಇದ್ದದ್ದು ಒಂದೇ ಮೈಕು.
ಮಂದ್ರದ ಎಲ್ರಾಯ್ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು,
ಇಲ್ಲವೆಂದರೆ ಕೆಳಗೆ ಟೈರುಗಳು
ಗುಂಯ್ಗುಡುತ್ತವೆಂದು ದೂರು.

ಅರವತ್ತೈದರ ಆ ಚಳಿಯಲ್ಲಿ
ಲುವೀನಿಯಾ ಓದಿದಳು:
“ಬೆತೆಲ್ ಚರ್ಚಿನಲ್ಲಿ ಕಪ್ಪು ಕೊಡೆಯೊಂದು ಸಿಕ್ಕಿದೆ,
ಕಳಕೊಂಡವರು ಏಳಕ್ಕೆ ಬಂದು ಒಯ್ಯಿರಿ.”
ಒಂದು ಕೊಡೆಗೆ ನಾನೂರು ಮಂದಿ ವಾರಸುದಾರರು.
ಶೆರಿಫನೂ ಕೇಳುತ್ತಿದ್ದ, ಕಾಫಿ ಹೀರುತ್ತ,
ಬೂಟುಗಾಲಲ್ಲಿ ತಾಳ ಹಾಕುತ್ತ.
ಮೂರನೆಯ ಕೊಡೆಗೆ ಅವನಿಗೆ ಹೊಳೆಯಿತು.
ಬಾಗಿಲಿಗೆ ಬಿದ್ದ ಗುಂಡಿನ ತೂತು ಈಗಲೂ ಇದೆ.
ಕಣಜ ಗೂಡು ಕಟ್ಟಿದೆ ಅದರಲ್ಲಿ,
ಯಾರೂ ಕೀಳುವುದಿಲ್ಲ.

ಹ್ಯಾಸ್ಕೆಲ್ ಸತ್ತ ಮೇಲೆ ಐದು ಚರ್ಚುಗಳು ಸೇರಿ ಕೊಂಡವು.
ಕ್ರಯಪತ್ರದಲ್ಲಿ ಬರೆದಿದೆ:
ಗೋಪುರ ಒಂದು, ಕುಂಟು ಮೇಜು ಒಂದು,
ಹಾವು ಓಡಿಸುವ ಕೋಲು ಎರಡು.

ಆದರೆ ನಾನು ಹೇಳಹೊರಟಿದ್ದು ಇದಲ್ಲ.
ಮಾವ ಹಾಡು ಕಡಿದ ಕೂಡಲೇ
ನಮ್ಮ ಕೇರಿಯಲ್ಲಿ ಏನಾಗುತ್ತಿತ್ತು, ಅದು.
ಅಡುಗೆಮನೆಯಲ್ಲಿ ಅಮ್ಮ, ಬೀನ್ಸಿನ ನಾರು ಬಿಡಿಸುತ್ತ,
ತುಂಡಾದ ಸಾಲನ್ನು ಎತ್ತಿಕೊಳ್ಳುವಳು.
ಬೇಲಿಯಾಚೆ ಮಿಸ್ ಆರ್ಡೆಲ್, ಬಟ್ಟೆ ಮಡಚುತ್ತ.
ಜಗಲಿಯಲ್ಲಿ ಹಲ್ಲಿಲ್ಲದ ಟ್ರಸ್ಟಿ ಪ್ಯೂ.
ಒಬ್ಬೊಬ್ಬರದು ಒಂದೊಂದು ಶ್ರುತಿ,
ಯಾರೂ ಯಾರಿಗೂ ಕಾಯುತ್ತಿರಲಿಲ್ಲ.
ನಡುನೀರಿನಲ್ಲಿ ಬಿಟ್ಟುಹೋದವನನ್ನು
ಒಂದೊಂದು ಮನೆ ಒಂದೊಂದು ದಡಕ್ಕೆ ಮುಟ್ಟಿಸುತ್ತಿತ್ತು.
ಹಾಡಿನ ಕೊನೆ ತಟ್ಟೆಯಲ್ಲೂ ಇರುತ್ತದೆಂದು
ಹನ್ನೊಂದು ವರ್ಷದವರೆಗೆ ನನಗೆ ತಿಳಿದೇ ಇರಲಿಲ್ಲ.

ಈಗ ಇಪ್ಪತ್ತನಾಲ್ಕು ಗಂಟೆಯೂ ಹಾಡು,
ಉಪಗ್ರಹದಿಂದ ಇಳಿಯುತ್ತದೆ.
ಯಾರದೋ ನಗುದನಿ ನಮ್ಮೂರ ಹೆಸರನ್ನು
ದಿನಕ್ಕೆ ಹನ್ನೆರಡು ಸಲ ತಪ್ಪಾಗಿ ಹೇಳುತ್ತದೆ.
ಬೀಗದಕೈ ನನ್ನ ಬಳಿ,
ಹುಲ್ಲು ಕೊಯ್ಯಲು, ಗೋಪುರದ ಕೆಂಪು ದೀಪ ನೋಡಲು.

ನಿನ್ನೆ ಡಿಸೆಂಬರಿನ ನಾಲ್ಕೂ ಮುಕ್ಕಾಲಿಗೆ
ಹೆಬ್ಬೆರಳು ತಾನಾಗಿ ಹೋಯಿತು.
ಕತ್ತರಿಸಿದೆ.
ಹೊರಗೆ ಬಂದು ಕಿವಿಗೊಟ್ಟೆ.

ಹೆದ್ದಾರಿಯಲ್ಲಿ ಲಾರಿ. ಒಂದು ನಾಯಿ.
ಒಳಗೆ ಫೋನು ಬಡಿದುಕೊಳ್ಳತೊಡಗಿತು.
ಆಮೇಲೆ, ಸೋಯಾ ಹೊಲದಾಚೆಯ ತಗಡಿನ ಮನೆಯಿಂದ
ಹೆಂಗಸೊಬ್ಬಳ ಕೆಮ್ಮು,
ಅದರ ಬೆನ್ನಿಗೇ ಒಂದು ಸಾಲು:
ಪದ ತಪ್ಪು, ಧಾಟಿ ಸರಿ.

ಫೋನು ಬಡಿದುಕೊಳ್ಳುತ್ತಲೇ ಇತ್ತು.