ಸೊನ್ನಿ ದಿನ

ನಳ ಬಂದು ಐದು ದಿನ ಆಗಿತ್ತು ನಮ್ಮ ಬೆಟಗೇರಿ ಓಣಿಗೆ.
ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟೆ.
ಕತ್ತಲಿಗೆ ಉಗುರಿದ್ವು.

ಬೆಕ್ಕು. ಯಾರದೂ ಅಲ್ಲದ್ದು.
ರಾತ್ರಿ ಅಲ್ಲೇ ಈದಿತ್ತು, ಹರಕು ನೂಲಿನ ಮ್ಯಾಲೆ.
ನನ್ನ ಪಾದಕ್ಕ ಮೂರು ಗೀರು,
ಸಾಸಿವಿಯಷ್ಟು ರಕ್ತ.

ಅತ್ತಿ ಸುಣ್ಣದ ಡಬ್ಬಿ ತಂದ್ರು.
ಮಗಳು ಅಡ್ಡ ನಿಂತ್ಲು, ಸಾಲ್ಯಾಗ ಹೇಳ್ಯಾರಂತ:
ಹರಿಯೋ ನೀರಾಗ, ಸಾಬಾಣ ಹಚ್ಚಿ,
ಹದಿನೈದು ನಿಮಿಷ.
ಹರಿಯೋ ನೀರು!
ಹಂಡೇದಾಗ ಉಳಿದದ್ದು ಬ್ಯಾಳಿ ಬೇಯಾಕಷ್ಟ.

ಆಚಿಮನಿ ಫಕೀರವ್ವ, ಹೋದ ಪಾಳಿಯೊಳಗ
ನನ್ನ ಕೊಡ ಒದ್ದಾಕಿ, ಆವತ್ತಿಂದ ಮಾತಿಲ್ಲ,
ಸೊಂಟದ ಮ್ಯಾಲೆ ಕೊಡ ಇಟ್ಕೊಂಡು ಬಂದ್ಲು.
"ಕಾಲು ಚಾಚು." ಅಷ್ಟ ಅಂದದ್ದು.
ತಂಬಿಗಿಯಿಂದ ಸಣ್ಣ ಎಳಿ ಬಿಟ್ಲು,
ಹರೀದಂಗ, ನೂಲು ಬಿಟ್ಹಂಗ.
ಎರಡು ಕೊಡ ಖಾಲಿ.
ಗಟಾರಕ್ಕ ನೊರಿ ಹೋಗೂದನ್ನ
ಓಣಿ ತುಟಿ ಪಿಟಕ್ಕನ್ನದ ನೋಡ್ತು.

ದವಾಖಾನಿಯೊಳಗ ಎರಡೂ ರಟ್ಟಿಗೆ ಚುಚ್ಚಿದ್ರು,
ಆಮ್ಯಾಲೆ ಗೀರಿನ ಸುತ್ತ, ಗೀರಿನೊಳಗೂ.
ಹಡಿಯೂವಾಗ ಒದರದಾಕಿ ಅಲ್ಲಿ ಒದರಿದೆ.
ನರ್ಸವ್ವ ಚೀಟಿಮ್ಯಾಲೆ ಬರದ್ಲು:
ಸೊನ್ನಿ, ಮೂರು, ಏಳು, ಇಪ್ಪತ್ತೆಂಟು.
"ಇವತ್ತು ಸೊನ್ನಿ ದಿನ."
ಎಳಿ ಎಣಿಸೇ ಕಣ್ಣು ಮಂಜಾದಾಕಿ ನಾನು,
ಸೊನ್ನಿಯಿಂದ ಎಂದೂ ಎಣಿಸಿದ್ದಿಲ್ಲ.

"ಬೆಕ್ಕಿನ ಮ್ಯಾಲೆ ಹತ್ತು ದಿನ ಕಣ್ಣಿಡ್ರಿ, ಓಡಿಸಬ್ಯಾಡ್ರಿ."

ಮಗ್ಗ ನಿಂತಿತು. ಅರ್ಧ ಸೆರಗು ಬಿಗದ ಕುಂತಿತು.
ಮಾಲಕ ಎರಡು ಸಲ ಆಳು ಕಳಿಸಿದ.
ದಿನಾ ಮುಂಜಾನೆ ಬ್ಯಾಟರಿ ಹಿಡಿದು ಕುಣಿಗೆ ಬಗ್ಗತಿದ್ದೆ:
ಜೊಲ್ಲು ಸುರಿತೈತೇನು? ಹಾಲು ಕುಡಿತೈತೇನು?
ಅದೂ ನನ್ನ ನೋಡ್ತಿತ್ತು,
ಈಕಿಗೇನರ ಆತೇನು ಅನ್ನೂಹಂಗ.

ಒಂಬತ್ತನೇ ದಿನ ರಾತ್ರಿ ಎರಡಕ್ಕ ನಳ ಬಂತು.
ಮೊದಲಿನ ಎರಡು ಕೊಡ ಫಕೀರವ್ವನ ಕಟ್ಟಿಗೆ ಇಟ್ಟು ಬಂದೆ,
ಕದ ಬಡೀಲಿಲ್ಲ.
ಒಳಗ ಬಂದು ನೋಡಿದ್ರ ಕುಣಿ ಖಾಲಿ.
ಒಂದೊಂದ ಮರಿ ಕಚಗೊಂಡು ಯಾವ ಮಾಳಿಗಿ ಏರಿತೋ.
ಹತ್ತಕ್ಕ ಒಂದು ದಿನ ಕಡಿಮಿ.

"ಇರ್ಲಿ, ಇಪ್ಪತ್ತೆಂಟಕ್ಕ ತಪ್ಪಸಬ್ಯಾಡ್ರಿ" ಅಂದ್ಲು ನರ್ಸವ್ವ.
ತಪ್ಪಿಸಲಿಲ್ಲ. ಸೀರಿನೂ ಮುಗೀತು,
ಕೂಲಿಯೊಳಗ ಮಾಲಕ ಐವತ್ತು ಮುರದ.

ಈಗ ಕುಣಿಗೆ ಕಾಲು ಬಿಡೂ ಮೊದಲ
ಒಮ್ಮಿ ಕೆಮ್ಮತೇನಿ,
ಮಂದಿ ಮನಿ ಹೊಸ್ತಿಲದಾಗ ನಿಂತಾಗ ಕೆಮ್ಮೂಹಂಗ.