ಪಂದ್ಯಕ್ಕೆ ಮುಂಚೆ ಕಲ್ಲು ಆರಿಸುವುದು

ಬೆಳಿಗ್ಗೆ ಏಳಕ್ಕೇ ಬಂದುಬಿಡಿ, ಭದ್ರಾವತಿಯ ಈ ಮೈದಾನಕ್ಕೆ.
ಟಿಕೇಟಿಗೆ ದುಡ್ಡಿಲ್ಲ.
ಒಂದು ಬಾಂಡ್ಲಿ ಕಲ್ಲು ಆರಿಸಿ ಗೇಟಿನ ಹತ್ತಿರ ಸುರಿದರೆ
ಸ್ಟೂಲಿನ ಮೇಲೆ ಕೂತವನು ಮುಂಗೈಗೆ ನೇರಳೆ ಸೀಲು ಒತ್ತುತ್ತಾನೆ.
ಸಂಜೆ ನಾಲ್ಕಕ್ಕೆ ಅದನ್ನು ತೋರಿಸಿ ಒಳಗೆ ಬನ್ನಿ.

ಕುಲುಮೆ ಇಲೆವೆನ್ ಕಡೆಯವರಾದರೂ ಸರಿ,
ಬಿಳಿಹಾಳೆ ಬಾಯ್ಸ್ ಕಡೆಯವರಾದರೂ ಸರಿ,
ಕಲ್ಲಿಗೆ ಕಡೆಯಿಲ್ಲ
ಅಂತ ನಮ್ಮ ಸೆಕ್ರೆಟರಿ ಮೈಕಿನಲ್ಲಿ ಹೇಳುತ್ತಾರೆ.
ಇತ್ತು. ನನಗೆ ಗೊತ್ತು.

ಅಕ್ಕಿ ಆರಿಸುವವರನ್ನು ಕೇಳಿ ನೋಡಿ:
ಎಲ್ಲ ತೆಗೆದ ಮೇಲೂ ಒಂದು ಉಳಿದಿರುತ್ತೆ,
ಅದು ಹುಡುಕಿಕೊಂಡು ಹಲ್ಲಿಗೇ ಬರುತ್ತೆ.

*

ಆಗ ನನಗೆ ಹತ್ತೊಂಬತ್ತು. ತಲೆಗೆ ಕೆಂಪು ಬಟ್ಟೆ.
ಆ ಪೆನಾಲ್ಟಿ ಕೊಟ್ಟದ್ದು ಸರಿಯೋ ತಪ್ಪೋ
ಸಲೂನಿನಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.
ಮೊದಲು ಆಟಗಾರನ ಹೆಸರು ಹಿಡಿದು ಕೂಗಿದೆವು,
ಆಮೇಲೆ ಅವನ ಕೇರಿಯ ಹೆಸರು,
ಆಮೇಲೆ ಅವನ ತಾಯಿಯನ್ನು.
ಹೆಸರು ಬಿಟ್ಟು ಕೇರಿ ಹಿಡಿದಾಗಲೇ
ಎದ್ದು ಮನೆಗೆ ಹೋಗಬೇಕಿತ್ತು.

ಕುಲುಮೆಯ ಕಿಟ್ಟ ಸುರಿದು ಮಟ್ಟ ಮಾಡಿದ ನೆಲ ಅದು.
ಬಗ್ಗಿದರೆ ಸಾಕು, ಕೈತುಂಬ ಸಿಗುತ್ತಿತ್ತು
ಗಾಜಿನ ಹಾಗೆ ಹೊಳೆಯುವ ಕರಿಕಲ್ಲು,
ಬಿಸಿಲಿನ ಬಿಸಿ ಇನ್ನೂ ಆರದ್ದು.

ಸಗಾಯಂಗೆ ಹನ್ನೊಂದು ವರ್ಷ.
ಕಾಂಪೌಂಡ್ ಗೋಡೆ ಹತ್ತಿ ಬೇಯಿಸಿದ ಕಡಲೇಕಾಯಿ ತಿನ್ನುತ್ತಿದ್ದ.
ಅವನಿಗೆ ಯಾವ ಟೀಮೂ ಇರಲಿಲ್ಲ,
ಚೆಂಡು ನೋಡಲು ಬಂದವನು.

ನೂರು ಕಲ್ಲು ಹಾರಿದವು.
ಅದು ನನ್ನದೇ ಅಂತ ಹೇಗೆ ಹೇಳಲಿ?
ನನ್ನದಲ್ಲ ಅಂತ ಹೇಗೆ ಹೇಳಲಿ?
ಎಡಗಣ್ಣು.

*

ಲಾಠಿ ತಂದರು. ಎರಡು ವರ್ಷ
ಗೋಲಿಗಿಂತ ಪೊಲೀಸರ ಟೋಪಿಗಳೇ ಹೆಚ್ಚು ಕಂಡವು.
ಬಲೆ ಕಟ್ಟಿದರು. ಬಲೆಯ ಮೇಲಿಂದ ಬಂದವು ಸೋಡಾ ಬಾಟಲಿ.
ಕೊನೆಗೆ ಪಂದ್ಯವನ್ನೇ ನಿಲ್ಲಿಸಿದರು.
ಆಟ ನಿಂತಿತು,
ಹೊಡೆದಾಟ ಬಸ್‌ಸ್ಟ್ಯಾಂಡಿಗೆ ಹೋಯಿತು.

ಶಾಂತಿಸಭೆಯಲ್ಲಿ ಎಲ್ಲರೂ ಉದ್ದುದ್ದ ಮಾತಾಡಿದ ಮೇಲೆ
ಸಗಾಯಂನ ತಾಯಿ ಫಿಲೋಮಿನಾ ಎದ್ದರು.
ಮುನಿಸಿಪಾಲಿಟಿಯಲ್ಲಿ ಕಸ ಗುಡಿಸುವವರು;
ಅವತ್ತೂ ಕೆಲಸದಿಂದ ನೇರ ಬಂದಿದ್ದರು.
"ಮೈದಾನ ಚೊಕ್ಕ ಮಾಡಿ" ಅಂದರು.
"ನಾನು ಮಾಡಲ್ಲ. ನೀವು ಮಾಡಿ."
ಕೂತರು. ಯಾರೋ ಫ್ಯಾನು ಆಫ್ ಮಾಡಿದರು, ಯಾಕೋ.

*

ಈಗ ನಾನು ಲೈನ್ಸ್‌ಮನ್.
ಜನಕ್ಕೆ ಬೆನ್ನು ಮಾಡಿ ನಿಲ್ಲುವ ಕೆಲಸ. ಬೆನ್ನಿಗೇ ಕಿವಿ ಬಂದಿದೆ.
ಕೂಗು ಹೆಸರು ಬಿಟ್ಟು ಕೇರಿಗೆ ಇಳಿದ ಕೂಡಲೇ
ಬಾವುಟ ಎತ್ತುತ್ತೇನೆ.
ಆಫ್‌ಸೈಡ್ ಅಲ್ಲ, ಥ್ರೋ ಅಲ್ಲ, ಯಾವ ರೂಲ್‌ಬುಕ್ಕಿನಲ್ಲೂ ಇಲ್ಲ.
ಇಪ್ಪತ್ತೆರಡು ಜನ ನಿಂತಲ್ಲೇ ಕೂರುತ್ತಾರೆ.
ಐದು ನಿಮಿಷ ಆಟವಿಲ್ಲ.
ಚೆಂಡು ಒಂದೇ ಸುಮ್ಮನೆ ನಡುವೆ.
ಕೂಗಿದವನನ್ನು ಪಕ್ಕದವನು ನೋಡುತ್ತಾನೆ,
ಮದುವೆ ಊಟದಲ್ಲಿ ಎಲೆ ದಾಟಿದವನನ್ನು ನೋಡುವ ಹಾಗೆ.

ಹೋದ ವರ್ಷ ಏಳು ಸಲ ಎತ್ತಿದೆ. ಈ ವರ್ಷ ಮೂರು.
ಮೊನ್ನೆಯೂ ಸೋಡಾ ಅಂಗಡಿ ಹತ್ತಿರ
ಇಬ್ಬರು ಅಂಗಿ ಹರಿದುಕೊಂಡರು, ಸುಳ್ಳು ಹೇಳಲಾರೆ.
ನೆಲದ ಕಲ್ಲು ಬಾಂಡ್ಲಿಗೆ ಬಂತು.
ನಾಲಿಗೆ ಕೆಳಗಿನದಕ್ಕೆ ಯಾವ ಬಾಂಡ್ಲಿ?

ಆರಿಸಿದ್ದೆಲ್ಲ ಸೇರಿಸಿ ಗಾರೆ ಹಾಕಿ
ಪೂರ್ವಕ್ಕೆ ಐದು ಮೆಟ್ಟಿಲು ಕಟ್ಟಿದ್ದಾರೆ, ಕೂರಲಿಕ್ಕೆ.
ನಾನು ಅಲ್ಲಿ ಕೂತಿಲ್ಲ ಇನ್ನೂ.

ಲೈನ್ಸ್‌ಮನ್‌ಗೆ ಟಿಕೇಟು ಬೇಕಿಲ್ಲ.
ಆದರೂ ಪಂದ್ಯದ ದಿನ ನನ್ನದೊಂದು ಬಾಂಡ್ಲಿ
ಹೊತ್ತುಕೊಂಡು ಗೇಟಿಗೆ ಹೋಗುತ್ತೇನೆ.
ಸ್ಟೂಲಿನ ಮೇಲೆ ಕೂತ ಸಗಾಯಂ
ಕತ್ತು ಕೊಂಚ ಎಡಕ್ಕೆ ಹೊರಳಿಸಿ
ಬಲಗಣ್ಣಲ್ಲಿ ರಾಶಿ ನೋಡುತ್ತಾನೆ,
ಸೀಲು ಒತ್ತುತ್ತಾನೆ,
"ಇಷ್ಟೇನಾ ಅಣ್ಣಾ?" ಅನ್ನುತ್ತಾನೆ.

ಎಲ್ಲರನ್ನೂ ಹಾಗೇ ಕೇಳುತ್ತಾನಂತೆ.